ಗಂಡನ ಗಾಡಿ ತಗ್ಗಿಸಿದ್ದು

ಒಂದು ಗಾಡಿಯ ಎತ್ತರವನ್ನು ನಾಲ್ಕು ಬೆರಳು ಇಳಿಸಿದರೆ ಎಷ್ಟು ದೆವ್ವ ಏಳುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಎಣಿಸಿ ಹೇಳಬಲ್ಲೆ. ಇಲ್ಲಿಯವರೆಗೆ ಐದು. ನಾನೇನು ಹುಡುಕಿಕೊಂಡು ಹೋದವಳಲ್ಲ. ಅವು ತಾವಾಗಿಯೇ ನಮ್ಮ ಮನೆಯ ದಾರಿ ಕೇಳಿಕೊಂಡು ಬರುತ್ತವೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಆರಡಿ ಎತ್ತರದ ಆಳು. ನಾನು ನಾಲ್ಕಡಿ ಹತ್ತಿಂಚು, ನಮ್ಮ ಅತ್ತೆಯೂ ಅಷ್ಟೇ. ಮನೆಯವರು ಪಶು ಆಸ್ಪತ್ರೆಯ ಕೆಲಸದಲ್ಲಿದ್ದರು. ಕಲ್ಲುಗುಡ್ಡ ಹತ್ತುವಂಥ ಎತ್ತರದ ಬೈಕೊಂದನ್ನು ಕೊಂಡು, ಹಿಂದೆ ಐಸ್ ಡಬ್ಬಿ ಕಟ್ಟಿಕೊಂಡು, ಕೂಡ್ಲಿಗಿ ಕಡೆಯ ಕುರಿ ಹಟ್ಟಿಗಳಿಗೆಲ್ಲ ಲಸಿಕೆ ಮುಟ್ಟಿಸುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅನುಕಂಪದ ಮೇಲೆ ನನಗೆ ಅದೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆಫೀಸಿನಲ್ಲಿ ಕಸ ಗುಡಿಸಿಕೊಂಡು ಇರಬಹುದು, ಇಲ್ಲವೇ ಅವರಂತೆ ಡಬ್ಬಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗಬಹುದು ಎಂದರು. ನಾನು ಗುಡ್ಡ ಅಂದೆ. ಆ ದಾರಿಯಲ್ಲಿ ಸ್ಕೂಟಿ ಅರ್ಧಕ್ಕೇ ಕೂತುಬಿಡುತ್ತದೆ, ಹೋಗಬೇಕೆಂದರೆ ಅವರ ಗಾಡಿಯೇ ಬೇಕು.

ಅತ್ತೆ ಮಾತ್ರ ಒಪ್ಪಲಿಲ್ಲ. "ಅದು ನನ್ನ ಮಗನ ಗಾಡಿ. ಇದ್ದಾಗನ ಇನ್ನೊಬ್ರಿಗೆ ಮುಟ್ಟಗೊಡ್ತಿರಲಿಲ್ಲ, ಈಗ ಕೊಡ್ತಾನೇನು?" ಎಂದರು. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತಾವೇ ಕರೆದು ಕರಾರು ಹೇಳಿದರು. "ಹೊಡಿ ಹೋಗು. ಆದರ ಅಂವಗ ಮನಸ್ಸಿಲ್ಲಂತ ನನಗ ಖಾತ್ರಿ ಆತಂದ್ರ, ಅವತ್ತ ಮಾರಿಬಿಡ್ತೀನಿ."

ಮಾರಿದರೆ ನನ್ನ ಕೈಗೆ ಪೊರಕೆ. ಅದಾದರೂ ಹೋಗಲಿ, ಆ ಗಾಡಿಯ ಹಿಡಿಕೆಯಲ್ಲಿ ಅವರ ಅಂಗೈ ಸವೆಸಿದ ಗುರುತು ಇನ್ನೂ ಇತ್ತು. ಅದನ್ನು ಯಾರದೋ ಕೈಗೆ ಕೊಡುವುದು ನನ್ನಿಂದ ಆಗದ ಮಾತಾಗಿತ್ತು.

೧. ಅಳತೆ ದಾರ

ತಗ್ಗಿಸುವ ಮೊದಲು ಹದಿನೈದು ದಿನ ಗಾಡಿಯನ್ನು ಇದ್ದ ಎತ್ತರದಲ್ಲೇ ಓಡಿಸಿದೆ. ಹತ್ತಲು ಒಂದು ಕಟ್ಟೆ ಬೇಕು, ಇಳಿಯಲು ಇನ್ನೊಂದು ಕಟ್ಟೆ ಬೇಕು. ನಡುವೆ ಎಲ್ಲಿಯೂ ಕಾಲು ಊರುವಂತಿಲ್ಲ. ಒಂದು ದಿನ ನಾನು ಇಳಿಯುವ ಹನುಮಪ್ಪನ ಕಟ್ಟೆಯ ಮೇಲೆ ಮಂದಿ ಕೂತಿದ್ದರು. ಅವರು ಏಳಲಿ ಎಂದು ಗುಡಿಗೆ ಐದು ಸುತ್ತು ಹೊಡೆದೆ. ನಾನು ಪ್ರದಕ್ಷಿಣೆ ಹಾಕುತ್ತಿದ್ದೇನೆ ಎಂದುಕೊಂಡು ಅವರೂ ಕೈ ಮುಗಿದು ಕೂತೇ ಇದ್ದರು. ಆರನೇ ಸುತ್ತಿಗೆ ಪೂಜಾರಿ ಹೊರಗೆ ಬಂದು ತೀರ್ಥ ಹಿಡಿದು ನಿಂತ.

ಕೊಟ್ಟೂರಿನಲ್ಲಿ ಒಬ್ಬರು ಮುದುಕ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಚಾಚಾ ಅನ್ನುತ್ತಾರೆ. ಅವರ ಅಂಗಡಿಯಲ್ಲಿ ಅಳತೆಯ ಟೇಪು ಇಲ್ಲ, ದಾರ ಇದೆ. ಗಾಡಿ ಹೊಡೆಯುವವರ ಕಾಲಿನ ಉದ್ದಕ್ಕೆ ದಾರ ಹಿಡಿದು, ಗಂಟು ಹಾಕಿ, ಆ ಗಂಟಿಗೆ ತಕ್ಕಂತೆ ಗಾಡಿಯನ್ನು ಏರಿಸುವುದು, ಇಳಿಸುವುದು ಅವರ ಪದ್ಧತಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ದಾರ. ಒಂದೊಂದು ದಾರ ಒಬ್ಬೊಬ್ಬರ ಕಾಲು. ನಾನು ನೋಡುತ್ತಿದ್ದಂತೆ ಹೊರಗಿಂದ ಗಾಳಿ ಬಂತು, ಗೋಡೆಯ ಮೇಲಿದ್ದವರೆಲ್ಲ ಒಟ್ಟಿಗೆ ಕಾಲು ಅಲ್ಲಾಡಿಸಿದರು.

"ಇವ್ರೆಲ್ಲಾ ಅದಾರೇನು ಚಾಚಾ?"

"ಅರ್ಧ ಮಂದಿ ಅದಾರ," ಎಂದರು. ಆಮೇಲೆ ಮೂಲೆಯ ಮೊಳೆಯೊಂದನ್ನು ತೋರಿಸಿದರು. ನೆಲಕ್ಕೆ ಮುಟ್ಟುವಷ್ಟು ಉದ್ದದ ದಾರ. "ಇದು ನಿಮ್ಮ ಮನಿಯವ್ರದು ಬೇಟಿ."

ನಾನು ಅದರ ತುದಿ ಮುಟ್ಟಿ ನೋಡಿದೆ. ಚಾಚಾ ನನ್ನ ಕೈಗೆ ಹೊಸ ದಾರ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತು, "ಹಿಮ್ಮಡದಿಂದ ಮ್ಯಾಲಕ್ಕ ನೀನ ಹಿಡಕೊ, ನಾ ನೋಡಂಗಿಲ್ಲ," ಎಂದರು. ಹಿಡಿದು ಕೊಟ್ಟೆ. ಅದಕ್ಕೆ ಏಳು ಗಂಟು ಹಾಕಿ, ಮರುದಿನ ಕೆಲಸಕ್ಕೆ ಬೇಕಾಗುತ್ತದೆಂದು ಗಾಡಿಯ ಹಿಡಿಕೆಗೇ ಕಟ್ಟಿ ಕಳಿಸಿದರು.

ಸಂಜೆ ಅತ್ತೆಯ ಕಣ್ಣಿಗೆ ಆ ದಾರ ಬಿತ್ತು. ಕಪ್ಪು ದಾರ, ಏಳು ಗಂಟು. ಒಲೆಯ ಇಕ್ಕಳದಿಂದ ಅದನ್ನು ಬಿಚ್ಚಿ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿರುಚಾಟ ಕೇಳಿಸಿತು. ಓಡಿಹೋಗಿ ನೋಡಿದರೆ ಅತ್ತೆ ದಾರವನ್ನು ತಮ್ಮ ಹಿಮ್ಮಡಕ್ಕೆ ಹಿಡಿದು ನಿಂತಿದ್ದಾರೆ, ಮುಖದಲ್ಲಿ ರಕ್ತವಿಲ್ಲ.

"ಬದುಕಿದವರ ಅಳತಿ ಯಾರರೆ ತಗೀತಾರೇನು? ಮಣ್ಣಿಗೆ ಇಡೂ ಮುಂದ ತಗೀತಾರ. ಯಾರಿಗೆ ಮಾಟ ಮಾಡ್ಯಾರಂತ ಹಿಡಿದು ನೋಡಿದೆ. ಬರೋಬ್ಬರಿ ನನ್ನ ಕಾಲಿಗೆ ಸರಿ ಬಂತು!"

ಮೂರು ದಿನ ಅತ್ತೆ ಹೊಸ್ತಿಲು ದಾಟಲಿಲ್ಲ. ಅದು ನನ್ನ ಕಾಲಿನ ಅಳತೆ ಎಂದು ನಾನು ಎಷ್ಟು ಹೇಳಿದರೂ, "ಹಂಗಾದ್ರ ಇಬ್ರಿಗೂ ಸೇರಿಸಿ ಒಂದ ದಾರದಾಗ ಮಾಡ್ಯಾರ, ಜಿಪುಣ ನನ್ಮಕ್ಕಳು," ಎಂದರು.

೨. ಮಗ್ಗುಲು

ಚಾಚಾ ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗಿದ್ದ ಪಟ್ಟಿ ಬದಲಾಯಿಸಿ ಗಾಡಿಯ ಹಿಂಭಾಗವನ್ನು ಇಳಿಸಿದರು. ಸೀಟಿನ ಸ್ಪಂಜನ್ನು ನಾನು ಕೂರುವಷ್ಟು ಜಾಗದಲ್ಲಿ ಹೆರೆದು ತೆಗೆದರು. ಹಿಂದಿನ ಅರ್ಧ ದಿಣ್ಣೆಯ ಹಾಗೆ ಎತ್ತರಕ್ಕೇ ಉಳಿಯಿತು. "ಹಿಂದ ಕುಂದ್ರಾಕ ಯಾರದಾರ, ಐಸ್ ಡಬ್ಬಿ ಅಲ್ಲೇನು?" ಎಂದರು. ಅವತ್ತು ನನ್ನ ಎರಡೂ ಪಾದ ನೆಲಕ್ಕೆ ಊರಿದವು. ಅಂಗಡಿಯಲ್ಲಿ ಮಂದಿ ಇದ್ದಾರೆ ಎನ್ನುವುದನ್ನೂ ಮರೆತು ಅತ್ತುಬಿಟ್ಟೆ.

ಮರುದಿನ ಉರಿಬಿಸಿಲಿನ ಮಧ್ಯಾಹ್ನ. ಗಾಡಿ ಅಂಗಳದಲ್ಲಿ ನಿಂತಿತ್ತು. ಬೇವಿನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಗಾಡಿಯ ನೆರಳಿನಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು, ಗಾಡಿಯನ್ನೇ ಒಂದು ಗಳಿಗೆ ನೋಡಿತು, ಎದ್ದು ಹಿಂದೆ ಹಿಂದೆ ಸರಿದು ಹೊರಗೆ ಹೋಯಿತು. ನಾಯಿ ಹೋದ ಮೇಲೆ ಗಾಡಿ ನಿಧಾನಕ್ಕೆ, ನಿದ್ದೆಯಲ್ಲಿ ಹೊರಳುವವರಂತೆ, ಬಲಗಡೆಗೆ ಬಿತ್ತು. ಯಾರೂ ಮುಟ್ಟಿರಲಿಲ್ಲ.

ಆ ವಾರ ಮೂರು ಸಲ ಬಿತ್ತು. ಮೂರು ಸಲವೂ ಬಲಕ್ಕೆ. ಮೂರನೆಯ ಸಲ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನೋಡಿ, "ಅಂವ ಸಣ್ಣಾಂವಿದ್ದಾಗಿಂದ ಬಲಮಗ್ಗುಲಾಗ ಮಲಗಾಂವ," ಎಂದರು. ಅದು ನನಗೂ ಗೊತ್ತಿದ್ದ ವಿಷಯ.

ಕೊಟ್ಟೂರಿಗೆ ಹೋಗಿ ಹೇಳಿದರೆ ಚಾಚಾ ಹಣೆ ಬಡಿದುಕೊಂಡರು. "ಯಾ ಅಲ್ಲಾ, ಸ್ಟ್ಯಾಂಡ್ ಕೊಯ್ಯೋದು ಮರ್ತೆ! ಗಾಡಿ ಗಿಡ್ಡ ಆದಮ್ಯಾಲ ಸ್ಟ್ಯಾಂಡ್ ಉದ್ದ ಆತಲ್ಲ. ಒರಗಿ ನಿಲ್ಲೋದು ಬಿಟ್ಟು ಅದು ನೆಟ್ಟಗ ನಿಂತೈತಿ, ಬೀಳದ ಏನು ಮಾಡೀತು?" ಸ್ಟ್ಯಾಂಡನ್ನು ಎರಡು ಬೆರಳು ಕೊಯ್ದು ಬೆಸುಗೆ ಹಾಕಿ ಕೊಟ್ಟರು.

ನಾನು ಮನೆಗೆ ಬಂದದ್ದೇ ತಡ, ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಗಾಡಿಯ ಮುಂದೆ ನಿಂತು ಬೈಯಲು ಸುರು ಮಾಡಿದರು. "ನಾಚಿಕಿ ಇಲ್ಲೇನು ನಿನಗ? ಹೆಂಡ್ತಿ ದುಡಕೊಂಡು ತಿನ್ನಬೇಕೋ ಬ್ಯಾಡೋ? ಅಂಗಳದಾಗ ಹಿಂಗ ಬಿದ್ದು ಹೊಳ್ಳಾಡ್ತಿಯಲ್ಲ!"

ನಾನು ಸ್ಟ್ಯಾಂಡ್ ಇಳಿಸಿದೆ. ಗಾಡಿ ಎಡಕ್ಕೆ ಒರಗಿ ಗಟ್ಟಿಯಾಗಿ ನಿಂತಿತು. ಅತ್ತೆ ಸುತ್ತ ಬಂದು ನೋಡಿ, "ನೋಡಿದಿ? ನಾ ಬೈದ್ರ ಮಗ್ಗಲು ಬದಲಿಸಿದ," ಎಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು.

೩. ಮರದ ತುದಿಯ ಬೆಳಕು

ಕುರಿಗಳು ಮೇಯಲು ಬಿಡುವ ಮೊದಲೇ ಲಸಿಕೆ ಹಟ್ಟಿಗೆ ತಲುಪಬೇಕು. ಅದು ನೀಲಿ ನಾಲಿಗೆ ರೋಗದ ಕಾಲ. ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟೆ. ಕತ್ತಲಲ್ಲಿ ಗಾಡಿ ಹೊಡೆಯುತ್ತಿದ್ದದ್ದು ಅದೇ ಮೊದಲು. ಕೂಡ್ಲಿಗಿ ಕಡೆಯ ಗುಡ್ಡದ ದಾರಿ ಹಿಡಿದ ಮೇಲೆ ನನಗೆ ಒಂದು ವಿಚಿತ್ರ ಕಂಡಿತು. ಮುಂದಿನ ದಾರಿಯೇ ಕಾಣುತ್ತಿಲ್ಲ, ಆದರೆ ಹುಣಸೆ ಮರಗಳ ತುದಿ ಮಾತ್ರ ನಿಚ್ಚಳ. ಕೊಂಬೆಯ ಮೇಲೆ ಕೂತ ಗೂಬೆ ನನ್ನನ್ನೇ ನೋಡುತ್ತಿತ್ತು. ನೆಲವನ್ನು ನೋಡಬೇಕಾದ ದೀಪ ಆಕಾಶ ನೋಡುತ್ತಿದೆ ಎಂದು ಹೊಳೆಯಲು ಬಹಳ ಹೊತ್ತು ಬೇಕಾಯಿತು. ದೇವರ ಮೇಲೆ ಭಾರ ಹಾಕಿ ಹೋದೆ.

ಹಟ್ಟಿ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಒಲೆ ಉರಿಯುತ್ತಿತ್ತು. ಚಹಾ ಕುದಿಯುತ್ತಿತ್ತು. ಅರ್ಧ ಕುಡಿದಿಟ್ಟ ಮೂರು ಲೋಟಗಳಿಂದ ಹಬೆ ಏಳುತ್ತಿತ್ತು. ಒಂದು ಕಂಬಳಿಯನ್ನು ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ನಾಯಿಗಳೂ ಇಲ್ಲ. "ಯಾರದೀರಿ?" ಎಂದು ಕೂಗಿದರೆ ಗುಡ್ಡದಿಂದ ನನ್ನ ದನಿಯೇ ತಿರುಗಿ ಬಂತು. ತಡಿಕೆಯೊಳಗೆ ಇನ್ನೂರು ಕುರಿ ಒಂದೂ ಅರಚದೆ ನನ್ನನ್ನೇ ನೋಡುತ್ತಿದ್ದವು.

ಓಡಿಹೋಗಬೇಕೆನಿಸಿತು. ಐಸ್ ಕರಗುತ್ತದೆ ಎಂಬ ಒಂದೇ ಕಾರಣಕ್ಕೆ ನಿಂತೆ. ಅಷ್ಟರಲ್ಲಿ ಮಂದೆಯ ನಡುವೆ ಒಂದು ಕರಿಯ ಕುರಿ ಮೆಲ್ಲಗೆ ಎರಡು ಕಾಲ ಮೇಲೆ ಎದ್ದು ನಿಂತಿತು. ನಾನು ಡಬ್ಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ.

"ಯಾರವ್ವಾ? ಸೂಜಿ ಸಾಹೇಬ್ರ ಮನಿಯಾಕಿ ಏನು?" ಎಂದಿತು ಕುರಿ.

ಹಟ್ಟಿಯ ಹಿರಿಯಜ್ಜ ಅದು, ಮೈಮೇಲೆ ಕರಿ ಕಂಬಳಿ. ಕಣ್ಣು ಬಿಟ್ಟು ಕೇಳಿದೆ. "ಏನಜ್ಜಾ ಇದು? ಉಳಿದವ್ರೆಲ್ಲಿ?"

"ಗಿಡದ ತುದಿಮ್ಯಾಲ ಕೊಳ್ಳಿದೆವ್ವ ಹಾರಿಕೊಂತ ಬರಾಕತ್ತಿತ್ತು ತಾಯಿ, ಎಲ್ಲಾರೂ ಓಡಿದ್ರು. ನಾಯಿ ಅವ್ರಿಗಿಂತ ಮುಂದ ಓಡಿದ್ವು. ನನಗ ಮಣಕಾಲು ನೋವು, ಓಡಾಕಾಗಲಿಲ್ಲ. ಅದಕ್ಕ ಕುರಿ ಆಗಿ ಕುಂತಿದ್ದೆ."

"ದೆವ್ವ ಕುರಿ ತಿನ್ನಂಗಿಲ್ಲೇನಜ್ಜಾ?"

"ತಿಂತೈತಿ," ಎಂದು ಅಜ್ಜ ಕಂಬಳಿ ಕೊಡವಿದ. "ಆದರ ಇನ್ನೂರು ಅದಾವಲ್ಲ, ನನ್ನ ಪಾಳಿ ಬರೋದ್ರಾಗ ಬೆಳಕು ಹರೀತೈತಿ."

೪. ಮೂರು ಸಲ

ಹಿಂಭಾಗವನ್ನಷ್ಟೇ ಇಳಿಸಿದ್ದರಿಂದ ಗಾಡಿ ಮುಖ ಎತ್ತಿಕೊಂಡಿತ್ತು, ದೀಪವೂ ಅದರ ಸಂಗಡ. ಚಾಚಾ ಮುಂದಿನ ಗಾಲಿ ಹಿಡಿದ ಫೋರ್ಕನ್ನೂ ಅಷ್ಟೇ ಇಳಿಸಿ ಸಮ ಮಾಡಿದರು. ದೀಪ ದಾರಿಗೆ ಬಂತು. ಸಾಕು, ಇನ್ನು ಎಲ್ಲ ಮುಗಿಯಿತು ಅಂದುಕೊಂಡೆ.

ಉಜ್ಜಿನಿ ದಾಟಿ ಗುಡ್ಡದ ಕಡೆ ತಿರುಗುವಲ್ಲಿ ಒಂದು ಹಾಸುಬಂಡೆ ಇದೆ. ಅದರ ಮೇಲೆ ಹೋಗುವಾಗ ಕಾಲಡಿಯಿಂದ ಯಾರೋ ತಟ್ಟಿದರು. ಟಕ್, ಟಕ್, ಟಕ್. ಮೂರು ಸಲ, ಆಮೇಲೆ ಸುಮ್ಮನೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಮೂರು ಸಲ.

ನಮ್ಮ ಮನೆಯವರು ಕೆಲಸ ಮುಗಿಸಿ ಬಂದಾಗ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕದ ಮೂರು ಸಲ ತಟ್ಟಿ ನಿಲ್ಲುತ್ತಿದ್ದರು. ನಾನು ಹಿಟ್ಟಿನ ಕೈ ತೊಳೆದುಕೊಂಡು ಹೋಗುವುದು ತಡವಾದರೂ ನಾಲ್ಕನೆಯ ಸಲ ತಟ್ಟುತ್ತಿರಲಿಲ್ಲ. ಮೂರನೆಯ ದಿನ ಆ ಬಂಡೆಯ ಮೇಲೆ ಸಪ್ಪಳ ಆದಾಗ, ಅಭ್ಯಾಸಬಲದಿಂದ ನನ್ನ ಬಾಯಲ್ಲಿ "ಬಂದೆ, ತಡೀರಿ" ಎಂದು ಬಂದುಬಿಟ್ಟಿತು. ಗಾಡಿ ನಿಲ್ಲಿಸಿ ಅಲ್ಲೇ ಕೂತೆ. ಹೆದರಿಕೆ ಆಗಲಿಲ್ಲ. ಅವರನ್ನು ನೋಡಬೇಕೆನಿಸಿತು, ಅಷ್ಟೇ.

ಅಲ್ಲಿಗೆ ಸುಮ್ಮನಿರಬೇಕಿತ್ತು. ದಡ್ಡಿ, ಮನೆಗೆ ಹೋಗಿ ಅತ್ತೆಯ ಮುಂದೆ ಹೇಳಿಬಿಟ್ಟೆ. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಬಾಗಿಲು ತಗೀ ಅನ್ನಾಕತ್ಯಾನ. ಆ ಗಾಡಿ ಇಟಗೊಂಡು ನಾವ ಅಂವನ್ನ ಹಿಡಕೊಂಡೀವಿ. ಮಾರೂನು."

ನಾನು ಗಾಡಿಯನ್ನು ಚಾಚಾ ಹತ್ತಿರ ಒಯ್ದೆ. ಅವರು ಕೆಳಗೆ ಮಲಗಿ ನೋಡಿ, ಹೊಟ್ಟೆಯಡಿಯ ತಗಡಿನ ಮೇಲೆ ಮೂರು ತಗ್ಗು ತೋರಿಸಿದರು. ಬಂಡೆಯ ಮೇಲೆ ಮೂರು ಕಲ್ಲು ಮೂಡಿದ್ದವು, ತಗ್ಗಿದ ಗಾಡಿಯ ಹೊಟ್ಟೆ ಅವಕ್ಕೆ ಬಡಿಯುತ್ತಿತ್ತು. "ಎರಡು ಬೆರಳು ಮತ್ತ ಏರಸ್ತೀನಿ ಬೇಟಿ. ಪಾದ ಪೂರಾ ಊರಂಗಿಲ್ಲ, ತುದಿ ಊರತಾವ. ಸಾಕಲ್ಲ?" ಸಾಕು ಎಂದೆ. ಹೊರಡುವಾಗ ನೋಡಿದೆ. ನನ್ನ ದಾರ ಗೋಡೆಗೆ ಹೋಗಿತ್ತು, ಅವರ ದಾರದ ಪಕ್ಕದ ಮೊಳೆಯಲ್ಲಿ.

ಮನೆಗೆ ಬಂದು ಅತ್ತೆಗೆ ಆ ತಗಡು, ಮೂರು ತಗ್ಗು, ಎಲ್ಲ ತೋರಿಸಿ ಹೇಳಿದೆ. "ಕಲ್ಲಿಗೆ ಬಡದದ್ದು ಅತ್ತಿ, ಬರೇ ಮೂರು ಕಲ್ಲು."

ಅತ್ತೆ ತಗ್ಗುಗಳ ಮೇಲೆ ಬೆರಳಾಡಿಸಿದರು. "ಹೌದು. ಆದರ ಮೂರ ಯಾಕ ಅದಾವ? ನಾಕು ಯಾಕಿಲ್ಲ?"

ಮರುದಿನವೇ ಗಾಡಿ ಮಾರಾಟಕ್ಕಿದೆ ಎಂದು ಸುತ್ತಲಿನ ಊರಿಗೆಲ್ಲ ಹೇಳಿ ಕಳಿಸಿದರು.

೫. ಮೆಕ್ಕೆಜೋಳದ ಮೇಲಿನ ಮುದುಕಿ

ಬಾಗಳಿ ಕಡೆಯ ಒಬ್ಬ ಯುವಕ ಗಾಡಿ ಕೊಳ್ಳಲು ಒಪ್ಪಿದ. ಆರಡಿ ಮೇಲೆ ಎರಡಿಂಚು ಇದ್ದಾನೆಂದು ಕೇಳಿ ಅತ್ತೆಗೆ ಸಮಾಧಾನವಾಯಿತು. ಗಾಡಿಯನ್ನು ನಾನೇ ಹೊಡೆದುಕೊಂಡು ಹೋಗಿ ಕೊಡಬೇಕು. ಹೊರಡುವ ದಿನ ಅತ್ತೆ ಬಿಳಿ ಸೀರೆಯುಟ್ಟು ಅಂಗಳಕ್ಕೆ ಬಂದರು.

"ನಾನೂ ಬರ್ತೀನಿ. ದಾರ್ಯಾಗ ಕೆಟ್ಟು ನಿಂತೈತಿ ಅಂತ ಹೇಳಿ ವಾಪಸ್ ಬರೂ ಪೈಕಿ ನೀನು."

ಅದೇ ನನ್ನ ಮನಸ್ಸಿನಲ್ಲಿದ್ದ ಉಪಾಯ. ಗಾಡಿಯನ್ನು ಮೆಟ್ಟಿಲ ಹತ್ತಿರ ತಂದೆ.

ಅತ್ತೆ ಈ ಗಾಡಿಯ ಮೇಲೆ ಒಂದು ದಿನವೂ ಕೂತವರಲ್ಲ. ಮಗ ಎಷ್ಟೋ ಸಲ ಕರೆದಿದ್ದರು, ಹತ್ತಲು ಆಗಿರಲಿಲ್ಲ. ಈಗ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ನಿಂತು, ನನ್ನ ಭುಜ ಹಿಡಿದು, ಒಂದೇ ಸಲಕ್ಕೆ ಹತ್ತಿ ಆ ದಿಣ್ಣೆಯ ಮೇಲೆ ಕೂತರು. ನಾನು ಹೆರೆದ ತಗ್ಗಿನಲ್ಲಿ, ಅವರು ನನ್ನ ತಲೆಯ ಮೇಲೆ. ನನ್ನದು ಹಸಿರು ಹೆಲ್ಮೆಟ್. ಅದನ್ನು ಯಾಕೆ ಹೇಳಿದೆ ಎಂದು ಮುಂದೆ ತಿಳಿಯುತ್ತದೆ.

ಹರಪನಹಳ್ಳಿ ಸೀಮೆ ಹೊಕ್ಕ ಮೇಲೆ ದಾರಿ ಉಳಿಸಲು ಹೊಲಗಳ ನಡುವಿನ ಬಂಡಿಜಾಡು ಹಿಡಿದೆ. ಜಾಡು ತಗ್ಗಿನಲ್ಲಿತ್ತು, ಎರಡೂ ಕಡೆ ಮೆಕ್ಕೆಜೋಳ ನನ್ನ ತಲೆ ಮುಚ್ಚುವಷ್ಟು ಬೆಳೆದಿತ್ತು. ಮೋಡ ಕವಿದು ಹಗಲೇ ಮಬ್ಬಾಗಿತ್ತು. ಹಿಂದೆ ಅತ್ತೆ ಮೂಗೇರಿಸಿದ್ದು ಕೇಳಿಸಿತು. ಅಳುತ್ತಿದ್ದಾರೇನೋ ಎಂದುಕೊಂಡೆ. ಒಮ್ಮೆಲೇ, "ಅಂವಗ ಎಲ್ಲಾ ಇಷ್ಟ ಎತ್ತರದಿಂದ ಕಾಣ್ತಿತ್ತೇನಲೇ?" ಎಂದರು. ದನಿ ಅತ್ತವರದಾಗಿರಲಿಲ್ಲ. "ಹೊಲ ಎಲ್ಲಾ ಕೆರಿ ನೀರಿನಂಗ ಕಾಣ್ತೈತಿ."

ಆಗ ಹೊಲದೊಳಗಿಂದ ಯಾರೋ ಕಿರುಚಿದ್ದು ಕೇಳಿಸಿತು. ಜೋಳದ ದಂಟು ಮುರಿದುಕೊಂಡು ಯಾರೋ ಓಡಿದ ಸಪ್ಪಳ. ಹಂದಿ ಇರಬೇಕು ಎಂದುಕೊಂಡು ಮುಂದೆ ಹೋದೆ.

ಊರು ಮುಟ್ಟಿದರೆ ಹಗಲು ಹೊತ್ತಿನಲ್ಲೇ ಓಣಿಯ ಕದಗಳೆಲ್ಲ ಮುಚ್ಚಿದ್ದವು. ಆ ಯುವಕನ ಮನೆಯ ಮುಂದೆ ಗಾಡಿ ನಿಲ್ಲಿಸಿದೆವು. ಬಾಗಿಲಿಗೆ ಹೊಸದಾಗಿ ಬೇವಿನ ಸೊಪ್ಪು ಸಿಕ್ಕಿಸಿತ್ತು. ಎರಡು ಸಲ ಕರೆದ ಮೇಲೆ ಆಸಾಮಿ ಮಾಳಿಗೆಯ ಅಂಚಿನಿಂದ ತಲೆ ಹೊರಗೆ ಹಾಕಿದ.

"ಗಾಡಿ ಬ್ಯಾಡ್ರಿ ನಮ್ಗೆ. ವಾಪಸ್ ತಗೊಂಡ್ ಹೋಗ್ರಿ."

"ಯಾಕಪ್ಪಾ?" ಎಂದೆ.

"ನಮ್ಮ ಹೊಲ್ದಾಗೆ ಕೆಲಸ ಮಾಡೋರು ಕಣ್ಣಾರೆ ನೋಡ್ಯಾರೆ. ಮೆಕ್ಕೆಜೋಳದ ಮ್ಯಾಲೆ ಬಿಳಿ ಸೀರೆ ಮುದುಕಿ ಒಬ್ಳು ಕುಂತಂಗೇ ತೇಲ್ಕೊಂಡು ಬರ್ತಿದ್ಲಂತೆ. ಗಾಡಿ ಸಪ್ಪಳ ಐತಂತೆ, ಮುಂದೆ ನಡ್ಸೋರು ಯಾರೂ ಇಲ್ವಂತೆ. ಸತ್ತೋರ ಗಾಡಿ ಅಂತ ಮೊದ್ಲೇ ಹೇಳಬಾರ್ದೇನ್ರೀ?"

ಅತ್ತೆ ಮೇಲಕ್ಕೆ ನೋಡಿದರು. "ಆ ಮುದುಕಿ ನಾನ."

ತಲೆ ಚಟ್ಟನೆ ಅಂಚಿನ ಹಿಂದೆ ಮರೆಯಾಯಿತು.

"ಏ, ಇಲ್ಲಿ ನೋಡು!" ಅತ್ತೆಯ ದನಿ ಇಡೀ ಓಣಿಗೆ ಕೇಳಿಸಿತು. "ಮುಂದ ಯಾರೂ ಇರಲಿಲ್ಲಂತ ಯಾವನಲೇ ಅಂದಾಂವ? ನನ್ನ ಸೊಸಿ ಇದ್ಲು. ಕತ್ತಲಾಗ, ಕಲ್ಲಾಗ, ಒಬ್ಬಾಕಿನ ಗುಡ್ಡ ಹತ್ತಿ ಇಳೀತಾಳ. ನಿಮ್ಮ ಕಣ್ಣಿಗೆ ಆಕಿ ಕಾಣಲಿಲ್ಲೇನು? ಗಾಡಿ ಆಕಿದು. ಆಕಿ ಅಳತಿಗೆ ಮಾಡಿಸಿದ್ದು. ನಿನ್ನಂಥ ಬಿದಿರ ಗಳುವಿಗೆ ಹೆಂಗ ಹೊಂದೀತು?"

ಎರಡು ವರ್ಷದಲ್ಲಿ ಅತ್ತೆ ಆ ಗಾಡಿಯನ್ನು ನನ್ನದು ಅಂದದ್ದು ಅದೇ ಮೊದಲು. ಗಾಡಿ ತಿರುಗಿಸುವ ನೆವದಲ್ಲಿ ಮುಖ ಆಚೆ ಮಾಡಿಕೊಂಡೆ. ಅತ್ತೆ ಯಾರ ಕಟ್ಟೆಯೋ ಏನೋ, ಹತ್ತಿ ನಿಂತು, "ನಡಿ ಮನಿಗೆ," ಎಂದು ಮೇಲೇರಿ ಕೂತರು.

ಮತ್ತೆ ಅದೇ ಬಂಡಿಜಾಡು, ಅದೇ ಮೆಕ್ಕೆಜೋಳ. ಮೋಡ ಇನ್ನೂ ದಟ್ಟವಾಗಿತ್ತು. ಓಡಿಹೋದವರು ಧೈರ್ಯ ತಂದುಕೊಂಡು ಕೆಲಸಕ್ಕೆ ತಿರು‌ಗಿ ಬಂದಿದ್ದರು, ದೂರದಲ್ಲಿ ಮಾತು ಕೇಳಿಸುತ್ತಿತ್ತು.

"ಇಲ್ಲೇನು ಅವರು ನೋಡಿದ್ದು?" ಎಂದು ಅತ್ತೆ ಕೇಳಿದರು.

"ಹೂಂ ಅತ್ತಿ."

"ನಿಧಾನ ಮಾಡು."

ಮಾಡಿದೆ. ನನ್ನ ಭುಜದ ಮೇಲಿದ್ದ ಎರಡೂ ಕೈ ಒಮ್ಮೆಲೇ ಇಲ್ಲವಾದವು. ಬಿದ್ದರೇನೋ ಎಂದು ಕನ್ನಡಿ ನೋಡಿದೆ. ಅತ್ತೆ ತುರುಬು ಬಿಚ್ಚಿದ್ದರು. ಬೆಳ್ಳನೆಯ ಕೂದಲು ಗಾಳಿಯಲ್ಲಿ ಹರಡಿತ್ತು. ಎರಡೂ ಕೈ ಮೇಲೆತ್ತಿ, ಕಣ್ಣು ಅರಳಿಸಿ, ಹೊಲದ ಕಡೆ ಮೆಲ್ಲಗೆ ತಲೆ ತೂಗುತ್ತಿದ್ದರು.

ಹೊಲದಲ್ಲಿ ಬುತ್ತಿಯ ಡಬ್ಬಿ ಬಿದ್ದ ಸಪ್ಪಳ, "ಯವ್ವಾ!" ಎಂಬ ಕೂಗು, ದಂಟು ಮುರಿಯುವ ಸಪ್ಪಳ. ನನಗೆ ನಗು ತಡೆಯಲಾಗಲಿಲ್ಲ.

ಅತ್ತೆ ಮೇಲಿನಿಂದ ನನ್ನ ಹೆಲ್ಮೆಟ್ಟಿನ ಮೇಲೆ ಒಂದು ಬಿಟ್ಟರು.

"ನಗಬ್ಯಾಡಲೇ, ಅವರಿಗೆ ಕೇಳಸ್ತೈತಿ. ಈಗ ಮುಂದ ಯಾರೂ ಇಲ್ಲ."